ಕೆರೆದಂಡೆಯ ನನ್ನ ಪಾತಿಯ ವಿಚಾರಣೆ

ಭೂಮಂಡಲದ ಸಮಸ್ತ ಸೊಪ್ಪುಪ್ರಿಯರೇ, ನಮ್ಮೂರು ತುಡಿಯಲೂರಿನ ಘನವೆತ್ತ ಬದನೆ ಬೆಳೆಗಾರರೇ, ಇಂದು ಬೆಳಿಗ್ಗೆ ನನ್ನ ಸಾಮ್ರಾಜ್ಯ ಕೂದಲೆಳೆಯ ಅಂತರದಲ್ಲಿ ಪಾರಾಯಿತು.

ಸಾಮ್ರಾಜ್ಯವೆಂದರೆ, ಕೆರೆಯ ಪಕ್ಕ ಯಾರೂ ಮನೆ ಕಟ್ಟದಂತೆ ಕಾಯ್ದಿಟ್ಟ ಜಾಗದಲ್ಲಿ ನಮ್ಮ ಬೀದಿಯವರು ಹಂಚಿಕೊಂಡು ಮಾಡುವ ತೋಟದ ಒಂದೇ ಒಂದು ಪಾತಿ. ಎರಡು ತಿಂಗಳು ಏನೂ ಬೆಳೆಯದವರ ಪಾತಿ ಬೇರೆಯವರಿಗೆ ಹೋಗುತ್ತದೆ. ತೋಟ ನೋಡಿಕೊಳ್ಳುವ ರಂಗಸಾಮಣ್ಣ ನನ್ನ ಪಾತಿಯ ಮುಂದೆ ನಿಂತು, "ಏನಪ್ಪಾ, ಬರೀ ಕಳೆ. ಪಾತಿಗೆ ಕಾಯ್ತಿರೋ ಟೀಚರಮ್ಮನಿಗೆ ನಾಳೆ ಕೊಟ್ಬುಡ್ತೀನಿ" ಎಂದರು.

ನಾನು ಶೋಕಾಚರಣೆಗೆ ತಲೆ ಬಾಗಿಸುವಷ್ಟರಲ್ಲಿ ಪಕ್ಕದ ಪಾತಿಯ ಮಾದಮ್ಮಜ್ಜಿ ಸೆರಗು ಸಿಕ್ಕಿಸಿಕೊಂಡು ಒಳಗಿಳಿದರು.

"ಕಳೆನಾ? ಕಣ್ಬಿಟ್ಟು ನೋಡು ರಂಗಸಾಮಿ. ಇದು ಹೊನಗೊನ್ನೆ, ಇದು ಗಣಿಕೆ, ಅದು ಅಣ್ಣೆ. ಎಲ್ಲಾ ತಿನ್ನೋ ಕೀರೆ ಸೊಪ್ಪು. ನಿಮ್ಮವ್ವ ಈ ಬೆರಕೆ ಸೊಪ್ಪಿನ ಸಾರು ಕಾಸೇ ನಿನ್ನ ಸಾಕಿದ್ದು."

"ಸರಿಯಕ್ಕಾ, ಆದ್ರೆ ಅವನು ಬಿತ್ತಿರ್ಬೇಕಲ್ಲ?"

"ಬೆರಕೆ ಸೊಪ್ಪು ಯಾರಪ್ಪಾ ಬಿತ್ತೋದು? ಬಿಟ್ರೆ ಬರುತ್ತೆ."

ಅಜ್ಜಿ ಮಡಿಲ ತುಂಬ ಕಿತ್ತು ರಂಗಸಾಮಣ್ಣನ ಚೀಲಕ್ಕೆ ಸುರಿದರು. ಅವರು ಒಂದೆಲೆ ಮೂಸಿ ನೋಡಿ, ತೋಟದ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಬೆರಕೆ ಸೊಪ್ಪು' ಎಂದು ಬರೆದರು. "ಭಾನುವಾರ ಎಲ್ರಿಗೂ ಇದನ್ನ ತೋರಿಸ್ಕೊಡಕ್ಕಾ, ನಾವು ದಿನಾ ಕಿತ್ತು ಬಿಸಾಕ್ತಾ ಇದೀವಿ" ಎಂದರು. ನಾನು ಮಹಾಕೃಷಿಕನ ಗಾಂಭೀರ್ಯದಿಂದ ಮೀಸೆ ತಿರುವಿದೆ.

ಒಂದು ಸಣ್ಣ ತಪ್ಪೊಪ್ಪಿಗೆ. ನಾನು ಬಿತ್ತಿದ್ದು ಬೆಂಡೆ. ಆಮೇಲೆ ಆ ಕಡೆ ತಲೆ ಹಾಕಿದ್ದೇ ಇವತ್ತು.