ಕೆಂಚಮ್ಮ ಎಂದು ಬರೆಸಿದ ದಿನ

ಹೇಮಲತಾಗೆ ಹೆದರಿಕೆ ಹೊಸದಲ್ಲ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಎಂಜಿನ್ನು ಕೂಗಿದರೆ ಓರಗೆಯ ಮಕ್ಕಳು ಓಡಿಹೋಗಿ ಕೈಬೀಸುತ್ತಿದ್ದರು, ಇವಳು ಅಮ್ಮನ ಸೆರಗು ಹಿಡಿಯುತ್ತಿದ್ದಳು. ಸ್ಕೂಲಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಮದುವೆಯಾಗಿ ಹಳೇಬೀಡಿಗೆ ಬಂದ ಮೇಲೂ ಅಷ್ಟೆ. ಗಂಡ ರಾಜಶೇಖರ್ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಅಂಗಡಿಯಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಇವಳು ಒಳಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

ಮಾದಿಹಳ್ಳಿಯಿಂದ ಆಚೆ, ಬಸ್ಸಿಳಿದು ಅರ್ಧ ಮೈಲಿ ನಡೆಯಬೇಕಾದ ಒಂದು ಹಳ್ಳಿಯಲ್ಲಿ ಅವಳಿಗೆ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆ ಊರಿನ ಹೆಸರು ಇಲ್ಲಿ ಬೇಡ. ಹನ್ನೆರಡು ವರ್ಷ ಅವಳು ಅಲ್ಲಿ ನೆಮ್ಮದಿಯಾಗಿದ್ದಳು. ಪುಸ್ತಕ ಯಾರನ್ನೂ ಬೈಯುವುದಿಲ್ಲ.

ಹೋದ ವರ್ಷ ಪಂಚಾಯ್ತಿಯವರು ಊರಿನ ಚರಿತ್ರೆಯ ಒಂದು ಸಣ್ಣ ಪುಸ್ತಕ ತರಬೇಕೆಂದು ತೀರ್ಮಾನ ಮಾಡಿದರು. ಬರೆಯುವ ಕೆಲಸ ಲೈಬ್ರರಿಯವಳ ತಲೆಗೆ ಬಂತು. ಮೊದಲಿಗೆ ಖುಷಿಯೇ ಆಯಿತು. ಕೆರೆ ಕಟ್ಟಿಸಿದ ಕಥೆ, ಈಶ್ವರನ ಗುಡಿ ಮುಂದಿನ ಶಾಸನ, ಊರಿಗೆ ಬಂದ ಮೊದಲ ಮೇಷ್ಟ್ರು, ಎಲ್ಲವನ್ನೂ ಹಿರಿಯರ ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡಳು. ಊರಾಚೆಯ ದಲಿತರ ಕಾಲೊನಿಯಲ್ಲೂ ಕೇಳೋಣ ಎಂದು ಮರಿಯಣ್ಣನ ಮನೆಗೆ ಹೋದದ್ದೇ ತಿರುವಾಯಿತು.

ಮರಿಯಣ್ಣನಿಗೆ ಅರವತ್ತು ದಾಟಿತ್ತು. ಜೀವನವೆಲ್ಲ ಬಿಕ್ಕೋಡಿನ ಕಡೆ ಕಾಫಿ ತೋಟಗಳಲ್ಲಿ ದುಡಿದು ಬಂದ ಮನುಷ್ಯ. ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿದ.

"ನಮ್ಮಕ್ಕಂದು ಒಂದು ಬರ್ಕೊಳ್ತೀಯಾ ತಾಯಿ?" ಎಂದ.

ಅರವತ್ತೆಂಟನೇ ಇಸವಿಯ ಬೇಸಿಗೆ. ಕಾಲೊನಿಯ ಬಾವಿ ಬತ್ತಿತ್ತು. ಹದಿನಾರು ವರ್ಷದ ಅಕ್ಕ ಊರೊಳಗಿನ ದೊಡ್ಡ ಬಾವಿಗೆ ಹೋಗಿ ಒಂದು ಕೊಡ ನೀರು ಸೇದಿದಳು. ಯಾರೋ ಕಂಡರು. ಪಟೇಲಿಕೆ ಹೋಗಿದ್ದರೂ ಊರವರ ಬಾಯಲ್ಲಿ ಪಟೇಲರಾಗಿಯೇ ಉಳಿದಿದ್ದ ಯಜಮಾನರು ಅವಳನ್ನು ಚಾವಡಿಯ ಮುಂದೆ ನಿಲ್ಲಿಸಿದರು. ತುಂಬಿದ ಕೊಡ ತಲೆಯ ಮೇಲೆ, ಕಾಲ ಕೆಳಗೆ ಕಾದ ಚಪ್ಪಡಿ. ಹೊತ್ತು ಮುಳುಗುವವರೆಗೂ ಇಳಿಸುವಂತಿಲ್ಲ. ಇಳಿಹೊತ್ತಿಗೆ ಮುಂಚೆಯೇ ಬಿದ್ದಳು. ಮೂರನೇ ದಿನ ಸತ್ತಳು.

"ಕೇಸು ಗೀಸು ನಂಗೆ ಬ್ಯಾಡ. ಮಾಡಿದೋರೂ ಇಲ್ಲ. ಊರ ಪುಸ್ತಕ್ದಾಗೆ ಅವಳ ಹೆಸ್ರು ಬರ್ಲಿ. ಇಲ್ದಿದ್ರೆ ಅವಳು ಹುಟ್ಟೇ ಇಲ್ಲ ಅಂದಂಗಾಯ್ತದೆ."

ಹೇಮಲತಾ ಬೇಲೂರಿಗೆ ಹೋಗಿ ಎರಡು ದಿನ ಅಲೆದು ಊರಿನ ಹಳೆಯ ಜನನ ಮರಣ ರಿಜಿಸ್ಟರು ತೆಗೆಸಿ ನೋಡಿದಳು. ಒಂದೇ ಸಾಲು. ಕೆಂಚಿ, ಹೆಣ್ಣು, ಹದಿನಾರು, ಜ್ವರ. ಹಾಗೆ ಬರೆಸಿದವರು ಪಟೇಲರೇ ಎಂದು ಪಕ್ಕದಲ್ಲಿದ್ದ ಸಹಿ ಹೇಳುತ್ತಿತ್ತು. ಪಟೇಲರ ಮೊಮ್ಮಗ ಗಂಗಾಧರಪ್ಪ ಈಗ ಪಂಚಾಯ್ತಿ ಮೆಂಬರು. ಪುಸ್ತಕದ ಅಚ್ಚಿನ ಖರ್ಚು ವಹಿಸಿಕೊಂಡವರೂ ಅವರೇ.

ಆದರೂ ಬರೆದಳು. ಒಂದು ಪುಟ. ಹನ್ನೊಂದು ಸಲ ಹರಿದು ಮತ್ತೆ ಬರೆದಳು. ಪಟೇಲರ ಹೆಸರು ಹಾಕಲಿಲ್ಲ, ಆಗಿನ ಯಜಮಾನರು ಎಂದಷ್ಟೇ ಬರೆದಳು.

ಮಾತು ಹೇಗೆ ಹೊರಬಿತ್ತೋ, ಒಂದು ಬೆಳಿಗ್ಗೆ ಗಂಗಾಧರಪ್ಪ ಲೈಬ್ರರಿಗೆ ಬಂದರು. ಹನ್ನೆರಡು ವರ್ಷದಲ್ಲಿ ಬಂದದ್ದು ಅದೇ ಮೊದಲು. ಪೇಪರು ಬಿಡಿಸಿಕೊಂಡು ಅರ್ಧ ಗಂಟೆ ಕೂತರು. ಒಂದು ಹಾಳೆಯನ್ನೂ ಮಗುಚಲಿಲ್ಲ.

"ಪುಸ್ತಕ ಚೆನ್ನಾಗಿ ಬತ್ತಾ ಐತಂತೆ ಮೇಡಮ್."

"ಹೂಂ ಸಾರ್."

"ಊರಿಗೆ ಮರ್ಯಾದೆ ತರೋದು ಬರೀರಿ. ಬ್ಯಾಡದ್ದೆಲ್ಲ ಯಾಕೆ?" ಪೇಪರನ್ನು ನೀಟಾಗಿ ಮಡಿಸಿಟ್ಟು ಎದ್ದರು. ಬಾಗಿಲಲ್ಲಿ ನಿಂತು, ಏನೋ ನೆನಪಾದವರಂತೆ ಕೇಳಿದರು. "ನಿಮ್ ಹುಡುಗಿ ಸ್ವಾತಿ ಬೇಲೂರು ಕಾಲೇಜಿಗೆ ಹೋಗೋದು ಎಂಟೂಕಾಲು ಬಸ್ಸಿಗೆ ಅಲ್ವಾ?"

ಅವರು ಹೋದ ಮೇಲೆ ಹೇಮಲತಾ ಅವರ ಮಾತನ್ನು ಮತ್ತೆ ಮತ್ತೆ ನೆನೆದಳು. ಬೈಯಲಿಲ್ಲ, ಕೈ ತೋರಿಸಲಿಲ್ಲ. ಮಗಳ ಹೆಸರು ಹೇಳಿದರು, ಬಸ್ಸಿನ ಟೈಮು ಹೇಳಿದರು, ಅಷ್ಟೆ. ಮನೆಗೆ ಬಂದು ಗಂಡನಿಗೆ ಹೇಳಿದಳು. ರಾಜಶೇಖರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಆ ಪುಟ ತೆಗೆದುಬಿಡು ಹೇಮಾ. ಯಾರದೋ ಊರಿನ ಯಾವತ್ತಿನದೋ ಕಥೆ, ನಮಗ್ಯಾಕೆ?" ಎಂದ. ಮಾರನೇ ದಿನದಿಂದ ಮಗಳನ್ನು ತಾನೇ ಬೈಕಿನಲ್ಲಿ ಬಿಟ್ಟುಬರತೊಡಗಿದ. ಅವನಿಗೂ ಹೆದರಿಕೆಯಾಗಿದೆ ಎಂದು ತಿಳಿದು ಇವಳ ಹೆದರಿಕೆ ಇಮ್ಮಡಿಯಾಯಿತು.

ಆ ವಾರದಲ್ಲೇ ಬಸ್‌ಸ್ಟಾಪಿನಿಂದ ಊರಿನವರೆಗೆ ಒಂದು ಬೈಕು ಅವಳ ಹಿಂದೆ ನಡಿಗೆಯ ವೇಗದಲ್ಲಿ ಬರಲು ಶುರುವಾಯಿತು. ಹೆಲ್ಮೆಟ್ಟು ಹಾಕಿದವನು ಮಾತಾಡುತ್ತಿರಲಿಲ್ಲ. ಲೈಬ್ರರಿ ಬಾಗಿಲು ಬಂದ ಕೂಡಲೇ ತಿರುಗಿಸಿಕೊಂಡು ಹೋಗುತ್ತಿದ್ದ. ಮೂರನೇ ದಿನ ಹೇಮಲತಾ ಆ ಪುಟ ತೆಗೆದು, ನಾಲ್ಕಾಗಿ ಮಡಿಸಿ, ಮನೆಯ ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದಳು. ಮರಿಯಣ್ಣನಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಅಚ್ಚಿಗೆ ಮೊದಲು ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಬೇಕಿತ್ತು. ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಗಂಗಾಧರಪ್ಪ, ಪಕ್ಕದ ಮೇಜಿನಲ್ಲಿ ನಡಾವಳಿ ಪುಸ್ತಕ ತೆರೆದುಕೊಂಡು ಪಂಚಾಯ್ತಿ ಅಧಿಕಾರಿ, ಪಿಡಿಒ ಸೌಂದರ್ಯ. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿ. ಹೇಮಲತಾ ತಲೆ ಎತ್ತಿ ನೋಡಿದರೆ, ಸಭೆಯ ಅಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮರಿಯಣ್ಣ. ಹೆಂಡತಿ, ಸೊಸೆ, ಕಾಲೊನಿಯ ಏಳೆಂಟು ಹೆಂಗಸರನ್ನೂ ಕರೆದುಕೊಂಡು ಬಂದಿದ್ದ. ಅದಕ್ಕೆ ಮೊದಲು ಅವನು ಗ್ರಾಮಸಭೆಗೆ ಬಂದವನೇ ಅಲ್ಲವಂತೆ.

ಓದತೊಡಗಿದಳು. ಕೆರೆ ಆಯಿತು, ಶಾಸನ ಆಯಿತು, ಮೇಷ್ಟ್ರು ಆಯಿತು. ಜನ ಚಪ್ಪಾಳೆಯನ್ನೂ ತಟ್ಟಿದರು. "ಅರವತ್ತೆಂಟರ ಬೇಸಿಗೆಯಲ್ಲಿ ಊರಿನ ಬಾವಿಗಳು ಬತ್ತಿದವು" ಎಂಬ ಸಾಲಿಗೆ ಬಂದಳು. ಮುಂದಿನ ಹಾಳೆಯಲ್ಲಿ ಇದ್ದದ್ದು ಹಾಲಿನ ಡೇರಿ ಶುರುವಾದ ಕಥೆ. ಮರಿಯಣ್ಣ ಕುತ್ತಿಗೆ ಮುಂದೆ ಚಾಚಿ, ಕಿವಿಗೆ ಕೈ ಅಡ್ಡ ಹಿಡಿದು ಕೇಳಿಸಿಕೊಳ್ಳುತ್ತಿದ್ದ.

ಹೇಮಲತಾ ಹಾಳೆ ಮಗುಚಿದಳು. ಎಂಟೂಕಾಲಿನ ಬಸ್ಸು ಕಣ್ಣ ಮುಂದೆ ಬಂತು. ಡೇರಿ ಎಂದು ಓದಲು ಬಾಯಿ ತೆರೆದಳು. ಹೊರಬಂದದ್ದು ಬೇರೆ. ಹನ್ನೊಂದು ಸಲ ಬರೆದದ್ದು ಬಾಯಿಗೆ ಬಂದುಬಿಟ್ಟಿತ್ತು. ಕೈಯಲ್ಲಿ ಆ ಪುಟ ಇಲ್ಲದೆಯೇ ಹೇಳಿದಳು: ಕೆಂಚಿ, ಹದಿನಾರು ವರ್ಷದ ಹುಡುಗಿ, ಒಂದು ಕೊಡ ನೀರು, ಚಾವಡಿ, ಮೂರನೇ ದಿನ. ಒಂದು ಕಡೆ ದನಿ ಪೂರ್ತಿ ನಿಂತೇ ಹೋಯಿತು. ನೀರು ಕುಡಿದು ಮುಂದುವರಿಸಿದಳು.

ಗಂಗಾಧರಪ್ಪ ಎದ್ದರು. "ಇದಕ್ಕೆ ಸಾಕ್ಷಿ ಏನೈತ್ರೀ? ಯಾರೋ ಹೇಳಿದ್ರು, ಇವರು ಬರೆದ್ರು. ಸತ್ತೋರ ಮೇಲೆ ಏನ್ ಬೇಕಾದ್ರೂ ಹೇಳ್ಬೋದಾ?"

ಹೇಮಲತಾ ಮೇಜಿನ ಅಂಚು ಹಿಡಿದುಕೊಂಡಳು. ಆಗ ಮರಿಯಣ್ಣ ಎದ್ದ.

"ನಾನೇ ಸಾಕ್ಷಿ ಕಣ್ರಪ್ಪ. ಏಳು ವರ್ಷ ನಂಗೆ. ಜ್ವರ ಬಂದಿದ್ದು ನಂಗೆ. ನೀರು ನೀರು ಅಂತ ಅತ್ತೋನು ನಾನು. ನನಗೋಸ್ಕರ ಹೋದ್ಲು. ನನ್ನ ಹೆಂಡ್ತಿಗೂ ಹೇಳಿಲ್ಲ ಇದ್ನ, ಇವತ್ತೇ ಹೇಳ್ತಿರೋದು." ಹೆಂಡತಿ ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು.

"ಇದೆಲ್ಲ ಬರೀಬೇಡಮ್ಮ," ಎಂದರು ಗಂಗಾಧರಪ್ಪ ಪಿಡಿಒ ಕಡೆ ತಿರುಗಿ.

ಸೌಂದರ್ಯ ಪೆನ್ನು ಕೆಳಗಿಡಲಿಲ್ಲ. "ಸಭೇಲಿ ನಡೆದದ್ದು ಬರೀಲೇಬೇಕು ಸಾರ್. ನನ್ನನ್ನೂ ಮೇಲಿನವರು ಕೇಳ್ತಾರೆ," ಎಂದು, ತಲೆ ಎತ್ತದೆಯೇ ಮರಿಯಣ್ಣನನ್ನು ಕೇಳಿದಳು. "ಅವರ ಹೆಸರು ಕೆಂಚಿ ಅಂತ ತಾನೆ?"

"ಊರೋರು ಕೆಂಚಿ ಅಂತಿದ್ರು. ನಮ್ಮವ್ವ ಇಟ್ಟಿದ್ದು ಕೆಂಚಮ್ಮ ಅಂತ."

ಸೌಂದರ್ಯ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು, ನಿಯಮ ಹಾಗಿದೆ ಎಂದು.

ಪುಸ್ತಕವನ್ನು ಸದ್ಯಕ್ಕೆ ಮುಂದೂಡಬೇಕೆಂದು ಸಭೆ ತೀರ್ಮಾನಿಸಿತು. ಇವತ್ತಿಗೂ ಅದು ಅಚ್ಚಾಗಿಲ್ಲ. ಲೈಬ್ರರಿ ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲವೆಂದು ಹೇಮಲತಾ ಮೇಲೆ ಎರಡು ಅರ್ಜಿ ಹೋಗಿವೆ. ಅವತ್ತು ಸಭೆ ಮುಗಿದಾಗ ಮರದ ಕೆಳಗೆ ಅದೇ ಬೈಕು ನಿಂತಿತ್ತು. ಕಾಲೊನಿಯ ಹೆಂಗಸರು ಏನೂ ಹೇಳದೆ, ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತ, ಅವಳ ಸುತ್ತಲೂ ಬಸ್‌ಸ್ಟಾಪಿನವರೆಗೆ ನಡೆದುಬಂದರು. ಬೈಕು ಹಿಂದೆ ಬರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆಯೇ ಅವಳಿಗೆ ಅಳು ಬಂದದ್ದು.

ಸೋಮವಾರ ಲೈಬ್ರರಿಯ ಬೀಗ ತೆಗೆಯಲು ಅವಳಿಗೆ ಮೂರು ಸಲ ಬೇಕಾಯಿತು. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಗಂಗಾಧರಪ್ಪನವರ ತಾಯಿ ಗುರುಸಿದ್ದಮ್ಮ. ಹೇಮಲತಾ ಎದ್ದು ನಿಂತುಬಿಟ್ಟಳು.

ಮುದುಕಿ ಊರುಗೋಲು ಗೋಡೆಗೆ ಒರಗಿಸಿ ಕೂತು, ಸುಧಾರಿಸಿಕೊಂಡು, ರಸ್ತೆಯ ಕಡೆ ಒಂದು ಸಲ ನೋಡಿದಳು.

"ನಾನು ಬಂದಿರೋದು ನನ್ ಮಗನಿಗೆ ಗೊತ್ತಿಲ್ಲ ಕಣಮ್ಮ. ಆ ವರ್ಷ ನಂಗೆ ಮದುವೆಯಾಗಿ ಮೂರು ತಿಂಗಳು. ಚಾವಡಿ ಎದುರು ನಮ್ಮನೆ ಕದದ ಸಂದೀಲಿ ನಿಂತು ನೋಡ್ತಿದ್ದೆ. ನನ್ ಕೈಲಿ ಒಂದು ಚೊಂಬು ನೀರಿತ್ತು. ಹೊಸ್ತಿಲು ದಾಟ್ಲಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇದನ್ನೂ ಬರ್ಕೊಳ್ತೀಯಾ?"

ಹೇಮಲತಾ ಎದ್ದುಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದಳು. ಬಂದು ಕೂತು ಪೆನ್ನಿನ ಮುಚ್ಚಳ ತೆಗೆದಳು.

"ಹೇಳಿ ಅಜ್ಜಿ," ಎಂದಳು.