ಏಪ್ರನ್ ಜೇಬಿನಲ್ಲಿ ಕಿನ್ನರ ರಾಣಿ

ದಪ್ಪ ಪುಸ್ತಕ ಓದಲು ಬೇಕಾದದ್ದು ಬುದ್ಧಿಯಲ್ಲ, ಪುರುಸೊತ್ತು. ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿಲ್ಲದವರ ಹಾಗೆ ನಟಿಸುತ್ತೀರಿ, ಅಷ್ಟೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲ್ಲರೂ 'ಅಕ್ಕ' ಎನ್ನುವ ಹೆಂಗಸಿಗೆ ಪುರುಸೊತ್ತು ಸಿಗುತ್ತಿದ್ದದ್ದು ಮೆಷಿನ್ ತಿರುಗುವಾಗ. ವಾರ್ಡಿನ ಬೆಡ್‌ಶೀಟು ತುಂಬಿ, ಬಾಗಿಲು ಒತ್ತಿ, ಸ್ಟೂಲಿನ ಮೇಲೆ ಕೂತರೆ ನೀರು ಇಳಿಯುವ ತನಕ ಮಾಡಲು ಕೆಲಸವಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಕಾದಂಬರಿಯೋ ಇಟ್ಟಿಗೆಯಷ್ಟು ದಪ್ಪ. ರಾಜರ ಕಾಲದ ಕಥೆ: ಪ್ರಜೆಗಳ ನೆರಳನ್ನೇ ಕಂದಾಯವಾಗಿ ವಸೂಲು ಮಾಡುವ ಕಿನ್ನರ ರಾಣಿ, ಕದ್ದು ಮಂತ್ರ ಕಲಿತ ಒಬ್ಬ ಸುಂಕದ ಗುಮಾಸ್ತ. ಏಪ್ರನ್ ಜೇಬಿನಲ್ಲಿ ಹಿಡಿಸಲಿಲ್ಲವೆಂದು ಅಕ್ಕ ಬ್ಲೇಡು ತೆಗೆದುಕೊಂಡು ಪುಸ್ತಕವನ್ನು ತುಂಡು ತುಂಡಾಗಿ ಕೊಯ್ದು, ಬೆಡ್‌ಶೀಟಿಗೆ ತೇಪೆ ಹಾಕುವ ದಾರದಲ್ಲೇ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಹೊಲಿದಳು.

"ಈ ವಯಸ್ಸಲ್ಲಿ ಕಿನ್ನರೀರ ಕಥೆನಾ ಅತ್ತಿಗೆ?" ಎಂದು ಮನೆಯಲ್ಲಿ ನಾದಿನಿ ಮೂಗು ಮುರಿದಳು.

"ಮತ್ತೇನು, ನಿಮ್ಮಣ್ಣನ ಗೊರಕೆ ಕೇಳ್ತಾ ಕೂರ್ಲಾ?"

ಗುಮಾಸ್ತ ತನ್ನ ನೆರಳನ್ನೇ ತೆತ್ತು ಮನೆಗೆ ಬಂದಿದ್ದ. ಮಗಳಿಗೆ ಅಪ್ಪನ ಗುರುತು ಸಿಗುತ್ತದೋ ಇಲ್ಲವೋ ಎಂಬಲ್ಲಿಗೆ ಕಥೆ ಬಂದಿತ್ತು. ಅಕ್ಕ ಕೊನೆಯ ತುಂಡು ಬಿಡಿಸಿದಳು. ಅಷ್ಟರಲ್ಲಿ ಒಗೆಯುವ ಕೋಣೆಯ ಸೂಪರ್‌ವೈಸರ್ ಬಂದು ಕಿತ್ತುಕೊಂಡ.

"ಸಂಬಳ ಕೊಡೋದು ಮೆಷಿನ್ ನೋಡ್ಕೊಳ್ಳೋಕೆ."

"ಅದೇನು ಎದ್ದು ಓಡಿಹೋಗುತ್ತಾ ಸಾರ್?"

ಕಥೆ ಅವನ ಮೇಜಿನ ಡ್ರಾಯರು ಸೇರಿತು. ಅಕ್ಕನಿಗೆ ಊಟ ಸೇರಲಿಲ್ಲ.

ವಾರ ಕಳೆಯುವುದರೊಳಗೆ ಅವನೇ ತಲೆ ಕೆರೆದುಕೊಳ್ಳುತ್ತಾ ಬಂದ. "ಅಕ್ಕಾ, ಈ ಗುಮಾಸ್ತನಿಗೆ ನೆರಳು ಯಾಕಿಲ್ಲ? ಕೊನೇಲಿ ಆ ಮಗಳು—"

"ಬಾಯಿ ಮುಚ್ಚಿ ಸಾರ್!"

ಬಟ್ಟೆ ಮಡಚುತ್ತಿದ್ದವರ ಕೈಗಳು ನಿಂತವು.

"ಅಲ್ಲಾ, ನಾನು ಸುಮ್ನೆ..."

"ಕೊನೆ ಹೇಳಿದ್ರೆ ನೋಡಿ ಮತ್ತೆ. ನನ್ನ ತುಂಡು ನನಗೆ ಕೊಡಿ, ಮೊದಲನೇ ತುಂಡು ನಿಮಗೆ ಕೊಡ್ತೀನಿ."

ಕೊಟ್ಟ. ಆದರೆ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ: "ಊಟದ ಹೊತ್ತಲ್ಲಿ ಮಾತ್ರ ಓದ್ಬೇಕು, ಗೊತ್ತಾಯ್ತಾ?"

ಈಗ ಅವನು ಫ್ಯಾನಿನ ಕೆಳಗೆ, ಬಾಗಿಲು ಹಾಕಿಕೊಂಡು, ಹಗಲೆಲ್ಲ ಕಿನ್ನರ ಲೋಕದಲ್ಲಿರುತ್ತಾನೆ. ಅದಕ್ಕೆ ಆಫೀಸು ಕೆಲಸ ಎಂದು ಹೆಸರು. ಅಕ್ಕ ತಿರುಗುವ ಮೆಷಿನ್ನನ್ನೇ ನೋಡುತ್ತಾ ಕೂತಿರುತ್ತಾಳೆ. ಊಟದ ಹೊತ್ತು ಡಬ್ಬಿ ತೆರೆದು ಮುಚ್ಚುವುದಕ್ಕೇ ಸರಿಹೋಗುತ್ತದೆ. ಮನೆಯಲ್ಲಿ ಪುಟ ತೆರೆದರೆ ಗಂಡನಿಗೆ ಟೀ, ಮಗನ ಅಂಗಿಗೆ ಇಸ್ತ್ರಿ. ಗುಮಾಸ್ತ ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾನೆ. ಮಗಳು ಇನ್ನೂ ತಲೆಯೆತ್ತಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬಳು ಪುಟದ ನಡುವೆ ಬೆರಳಿಟ್ಟುಕೊಂಡೇ ಅಡುಗೆಮನೆಗೆ ಎದ್ದು ಹೋಗುತ್ತಿದ್ದಾಳೆ. ಈ ಪತ್ರಿಕೆ ಕೆಳಗಿಡಿ. ಅವಳನ್ನು ಕೂರಿಸಿ, ನಿಮ್ಮ ಟೀ ನೀವೇ ಕಾಸಿಕೊಳ್ಳಿ.