ದೇವಕಿಯ ತವರಿನ ಹೆಪ್ಪು

ಸಿದ್ದಾಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಪರಿಮಳಾ ಮದುವೆಯಾಗಿ ಬಂದು ಎರಡೇ ತಿಂಗಳಿಗೆ ಗಂಡನ ಮನೆಯ ಮೊಸರು ಕೆಟ್ಟಿತು. ೨೦೦೩ರ ಜನವರಿ. ಹೆಪ್ಪು ಹಾಕಿದ ಹಾಲು ಬೆಳಗಾದರೂ ನೀರುನೀರು. ಮನೆಗೆ ಹೊಸಬಳು ಯಾರು? ಸೊಸೆ. ಮುಗಿಯಿತಲ್ಲ! ಅವಳ ಕೈಗುಣ ಸರಿಯಿಲ್ಲವೆಂದು ಮಾವನ ಅಣ್ಣ ಗೋವಿಂದ ತೀರ್ಪು ಕೊಟ್ಟೇಬಿಟ್ಟರು. ಎಂ.ಎಸ್ಸಿ. ಓದಿದವಳಿಗೆ ನಗು ಬರಬೇಕಿತ್ತು, ಅಳು ಬಂತು.

ಅತ್ತೆ ದೇವಕಿಗೆ ಬೇರೆಯೇ ಸಂಕಟ. ಆ ಹೆಪ್ಪು ಅವರು ಹುಲೇಕಲ್ಲಿನ ತವರಿಂದ ತಂದದ್ದು. ಮೂವತ್ತು ವರ್ಷ ಬೇರೆ ಮನೆಯ ಒಂದು ಹನಿ ಸೇರಿಸಿದವರಲ್ಲ. ಮಡಿಯೆಂದರೆ ಅಂಥ ಮಡಿ! ಈ ಸಲ ಚಳಿ ಜೋರೆಂದು ಹೆಪ್ಪಿನ ಗಿಂಡಿಯನ್ನು ದಿನವೂ ಒಲೆಗೆ ಒತ್ತಿ ಇಡುತ್ತಿದ್ದರು.

ಪರಿಮಳಾ ಗಿಂಡಿ ಮುಟ್ಟಿ ನೋಡಿದಳು. ಸುಡುತ್ತಿತ್ತು.

"ಅತ್ತೆ, ಇದು ಒಲೆ ಬಿಸಿಯ ಕೆಲಸ. ಹಾಲಿನ ಸಕ್ಕರೆ ಹುಳಿ ಮಾಡೋ ವಿದ್ಯೆ ಕೆಲವು ಬ್ಯಾಕ್ಟೀರಿಯಾದ ದೊಡ್ಡ ಡಿಎನ್‌ಎಯಲ್ಲಿ ಇಲ್ಲೆ. ಪ್ಲಾಸ್ಮಿಡ್ ಹೇಳಿ ಸಣ್ಣ ಬಳೆಯಂಥ ಡಿಎನ್‌ಎ ಬೇರೆ ಇರ್ತು, ಅದ್ರಲ್ಲಿ ಇದ್ದು. ಬಿಸಿ ಹೆಚ್ಚಾದ್ರೆ ಬಳೆ ಕಳದು ಹೋಗ್ತು."

"ಹಂಗಾದ್ರೆ ನನ್ನ ಅಬ್ಬೆ ಕೊಟ್ಟ ಹೆಪ್ಪು ಸತ್ತೇ ಹೋತನೇ?" ದೇವಕಿಯ ಕಣ್ಣು ತುಂಬಿತು.

"ಸತ್ತಿದ್ದಿಲ್ಲೆ ಅತ್ತೆ. ಬಳೆ ಇದ್ದ ಬೇರೆ ಬ್ಯಾಕ್ಟೀರಿಯಾ ಪಕ್ಕಕ್ಕೆ ಬಂದ್ರೆ ಅದ್ರಿಂದ ಬಳೆ ಇಸ್ಕಂಡ್ರೂ ಇಸ್ಕತ್ತು. ಬೇರೆ ಮನೆ ಹೆಪ್ಪು ಒಂದು ಚಮಚ ಬೇಕು, ಅಷ್ಟೇ."

ಹತ್ತಿರದ ಮನೆಯೆಂದರೆ ಗದ್ದೆಯಾಚೆಯ ರೈತ ಹೆಂಗಸು ವೆಂಕಮ್ಮನದು. ಬೇರೆ ಜಾತಿ, ಅಲ್ಲಿ ದೇವಕಿ ನೀರೂ ಕುಡಿದವರಲ್ಲ. ಭಾನುವಾರ ಸತ್ಯನಾರಾಯಣ ಕಥೆ, ನಲವತ್ತು ಜನರ ಊಟ. ದೇವಕಿ ಇಡೀ ಮಧ್ಯಾಹ್ನ ಒಳಗೂ ಹೊರಗೂ ತಿರುಗಿದರು. ಸಂಜೆ ಬೇರೊಂದು ಗಿಂಡಿ ತೊಳೆದು ಸೊಸೆಯ ಕೈಗೆ ಕೊಟ್ಟರು.

"ಹೆಪ್ಪು ಕೇಳೂಕೆ ಎಂತ ನಾಚಿಕೆ ಅಮ್ಮ? ತಕಳಿ," ಎಂದು ವೆಂಕಮ್ಮ ಗಿಂಡಿ ತುಂಬಿಸಿಯೇ ಕಳಿಸಿದಳು.

ಎರಡೂ ಹೆಪ್ಪನ್ನು ದೇವಕಿಯೇ ಕಲಸಿ, ಒಲೆಯಿಂದ ದೂರ ಇಟ್ಟರು. ಮೂರನೆಯ ದಿನ ಪಾತ್ರೆ ಓರೆ ಮಾಡಿದರೂ ಮೊಸರು ಅಲುಗಲಿಲ್ಲ. ತವರಿನ ಬ್ಯಾಕ್ಟೀರಿಯಾ ವಿದ್ಯೆ ಇಸ್ಕೊಂಡಿತೋ, ವೆಂಕಮ್ಮನದೇ ಅಷ್ಟೂ ದುಡಿಯಿತೋ? ಅದನ್ನು ಹೇಳಲು ಲ್ಯಾಬು ಬೇಕು, ಪರಿಮಳಾ ಸುಳ್ಳು ಹೇಳಲಿಲ್ಲ. ಅತ್ತೆ ಸೊಸೆ ಇಬ್ಬರೂ ಪಾತ್ರೆಯ ಮುಂದೆ ನಿಂತು ಮಕ್ಕಳ ಹಾಗೆ ನಕ್ಕರು.

ಭಾನುವಾರ ಪಂಕ್ತಿಯಲ್ಲಿ ಗೋವಿಂದ ಮೊಸರನ್ನ ಚಪ್ಪರಿಸಿ, "ಅಂತೂ ಸೊಸೆ ಕೈಗುಣ ಸುಧಾರಿಸಿದಂಗೆ ಕಾಣ್ತು!" ಎಂದರು. ಪಂಕ್ತಿಯೆಲ್ಲ ನಕ್ಕಿತು. ಪರಿಮಳಾಳ ಮುಖ ಕೆಂಪಾಯಿತು.

ಬಡಿಸುತ್ತಿದ್ದ ದೇವಕಿ ಅಲ್ಲೇ ನಿಂತರು. "ಭಾವ, ಕೆಡಿಸಿದ್ದು ಆನು, ಒಲೆ ಬುಡದಲ್ಲಿಟ್ಟು. ಸರಿ ಮಾಡಿದ್ದು ಪರಿಮಳಾ, ವೆಂಕಮ್ಮನ ಮನೆ ಹೆಪ್ಪು ತಂದು."

ನಲವತ್ತು ಕೈಗಳೂ ಎಲೆಯ ಮೇಲೇ ನಿಂತವು. ಗೋವಿಂದ ತಮ್ಮ ಎಲೆ ನೋಡಿಕೊಂಡರು. ಮುಕ್ಕಾಲು ಮೊಸರನ್ನ ಆಗಲೇ ಹೊಟ್ಟೆ ಸೇರಿತ್ತು.

"ಅಡ್ಡಿಲ್ಲೆ," ಎಂದರು ಕೊನೆಗೆ. "ಇನ್ನೊಂದು ಸೌಟು ಹಾಕು."

ದೇವಕಿ ಎರಡು ಸೌಟು ಹಾಕಿದರು.